ಅಗ್ಗಿಷ್ಟಿಕೆಯ ಕಬ್ಬಿಣಕ್ಕೆ ಹತ್ತಿದ ತುಕ್ಕನ್ನು ತೆಗೆಯುವ ಕ್ರಮ

ರೂಪನಗುಡಿಯೇ ಮೊದಲಾದ ಬಳ್ಳಾರಿ ಸೀಮೆಯ ಗ್ರಾಮಗಳಲ್ಲಿ ಅನಿಲದ ಒಲೆಯು ಬಂದ ಮೇಲೆ ಅನೇಕರು ಕಬ್ಬಿಣದ ಅಗ್ಗಿಷ್ಟಿಕೆಯನ್ನು ಹಿತ್ತಲಿನ ಮೂಲೆಗೆ ಹಾಕಿಬಿಡುತ್ತಾರೆ. ಒಂದೆರಡು ಮಳೆಗಾಲಗಳು ಕಳೆಯುವಷ್ಟರಲ್ಲಿ ಅದರ ಜಾಲರಿಯ ಸಲಾಕೆಗಳು ಕೆಂಪೇರಿ, ಮುಟ್ಟಿದರೆ ಹೊಪ್ಪಳಿಕೆಯೇಳುವವು. ಅನಿಲವು ತೀರಿದ ದಿನ ಅದನ್ನು ಹುಡುಕಿ ತೆಗೆದವರು, ಇದು ಗುಜರಿಯವನಿಗೇ ಸರಿ ಎಂದು ತೀರ್ಮಾನಿಸುವದುಂಟು. ಕೂಲಿಯಿಂದ ಜೀವಿಸುವ ಮನೆಗೆ ಹೊಸದನ್ನು ಕೊಳ್ಳುವದು ಸುಲಭವಲ್ಲ. ಆದುದರಿಂದ ಹಳೆಯದನ್ನು ಉಳಿಸುವ ಬಗೆಯನ್ನು ತಿಳಿಯೋಣ.

೧. ತುಕ್ಕು ಎಂದರೇನು?

ಕಬ್ಬಿಣವು ಗಾಳಿಯಲ್ಲಿರುವ ಆಮ್ಲಜನಕದೊಡನೆಯೂ ನೀರಿನೊಡನೆಯೂ ಕೂಡಿದಾಗ ತುಕ್ಕು ಹುಟ್ಟುವದು. ಸೊಂಡೂರಿನ ಬೆಟ್ಟಗಳ ಕೆಂಪು ಅದಿರು ಸಹ ಕಬ್ಬಿಣವೂ ಆಮ್ಲಜನಕವೂ ಕೂಡಿದ ವಸ್ತುವೇ. ತೋರಣಗಲ್ಲಿನ ಕಾರ್ಖಾನೆಯಲ್ಲಿ ಕಲ್ಲಿದ್ದಲಿನ ಬಲದಿಂದ ಆ ಆಮ್ಲಜನಕವನ್ನು ಬಿಡಿಸಿ ಕಬ್ಬಿಣವನ್ನು ಪಡೆಯುತ್ತಾರೆ. ತುಕ್ಕು ಹಿಡಿಯುವದೆಂದರೆ ಆ ಕಬ್ಬಿಣವು ಮರಳಿ ಅದಿರಿನ ಸ್ಥಿತಿಗೆ ಹೋಗುವದೇ. ತುಕ್ಕು ಸಡಿಲವಾಗಿ ಉಬ್ಬಿಕೊಂಡಿರುವದರಿಂದ ಒಳಗಿನ ಲೋಹವನ್ನು ಕಾಯಲಾರದು. ಅದರ ಸಂದುಗಳಲ್ಲಿ ತೇವವು ಇಳಿದು ಕಬ್ಬಿಣವನ್ನು ಇನ್ನೂ ತಿನ್ನುವದು. ಉಪ್ಪು ಈ ಕೆಲಸವನ್ನು ತ್ವರೆಗೊಳಿಸುವದು. ದೆಹಲಿಯ ಕಬ್ಬಿಣದ ಸ್ತಂಭವು ಸುಮಾರು ೧೬೦೦ ವರ್ಷಗಳಿಂದ ನಿಂತಿರುವದಕ್ಕೆ, ಅದರಲ್ಲಿರುವ ರಂಜಕದಿಂದ ಮೇಲೆ ಬಿಗಿಯಾದ ತೆಳ್ಳನೆಯ ಪೊರೆಯುಂಟಾದದ್ದೇ ಮುಖ್ಯ ಕಾರಣವೆನ್ನುತ್ತಾರೆ. ನಮ್ಮ ಅಗ್ಗಿಷ್ಟಿಕೆಗೆ ಅಂಥ ಪೊರೆಯಿಲ್ಲ. ಅದನ್ನು ನಾವೇ ಕಾಯತಕ್ಕದ್ದು.

೨. ಮೊದಲು ಪರೀಕ್ಷಿಸತಕ್ಕದ್ದು

ಸಲಾಕೆಗಳನ್ನು ಮೆಲ್ಲಗೆ ತಟ್ಟಿ ನೋಡಿರಿ. ಖಣಿಲೆಂದರೆ ಒಳ್ಳೇದು, ಒಡಕು ಸ್ವರ ಬಂದರೆ ಬಿರುಕನ್ನು ಹುಡುಕಿರಿ. ಅರ್ಧಕ್ಕಿಂತ ಹೆಚ್ಚು ಸವೆದ ಸಲಾಕೆಯನ್ನೂ ಅಲುಗಾಡುವ ಕಾಲನ್ನೂ ಕಮ್ಮಾರನಿಂದ ಬದಲಾಯಿಸಿರಿ. ಕುದಿಯುವ ಪಾತ್ರೆಯ ಕೆಳಗೆ ಅವು ಮುರಿದರೆ ಮಕ್ಕಳ ಮೈ ಬೇಯುವದು. ಎರಕದ ಕಬ್ಬಿಣವನ್ನು ಬಲವಾಗಿ ಬಡಿಯಬಾರದು. ಕಾದಿರುವಾಗ ಅದರ ಮೇಲೆ ತಣ್ಣೀರು ಹೊಯ್ಯಲೂ ಬಾರದು. ಹಾಗೆ ಮಾಡಿದರೆ ಸೀಳುವದು.

೩. ತೆಗೆಯುವ ಕ್ರಮ

ಮೊದಲು ಬೂದಿಯನ್ನೆಲ್ಲಾ ಕೊಡಹಿ, ಸಡಿಲವಾದ ತುಕ್ಕನ್ನು ತಂತಿಯ ಬ್ರಷಿನಿಂದ ಉಜ್ಜಿ ಉದುರಿಸಿರಿ. ಉಳಿದ ಕಲೆಗಳನ್ನು ಉಪ್ಪುಕಾಗದದಿಂದಾಗಲಿ ಇಟ್ಟಿಗೆಯ ಪುಡಿಯಿಂದಾಗಲಿ ತಿಕ್ಕಿರಿ. ಆದರೂ ಹೋಗದ ಕಲೆಗೆ ನೆನೆಸಿದ ಹುಣಸೇಹಣ್ಣನ್ನು ದಪ್ಪವಾಗಿ ಬಳಿದು ಒಂದೆರಡು ತಾಸು ಬಿಡಿರಿ. ಹುಣಸೆಯ ಹುಳಿಯು ತುಕ್ಕನ್ನು ಕರಗಿಸುವದು. ಆದರೆ ರಾತ್ರಿಯೆಲ್ಲಾ ಬಿಡಬಾರದು. ಹುಳಿಯು ಒಳ್ಳೆಯ ಕಬ್ಬಿಣವನ್ನೂ ತಿನ್ನುವದು.

ಬಳಿಕ ಸೋಡಾ ಬೆರಸಿದ ನೀರಿನಿಂದ ತೊಳೆದು ಹುಳಿಯನ್ನು ಅಡಗಿಸಿ, ಶುದ್ಧ ನೀರಿನಿಂದ ಜಾಲಾಡಿಸಿ, ಬಟ್ಟೆಯಿಂದ ಒರಸಿ, ತಡಮಾಡದೆ ಬೆಂಕಿಯ ಹತ್ತಿರ ಒಣಗಿಸಿರಿ. ಬರಿದಾದ ಕಬ್ಬಿಣವು ಸ್ವಲ್ಪ ಹೊತ್ತಿನಲ್ಲೇ ತಿರಿಗಿ ಕೆಂಪಾಗುವದು; ಅನೇಕರ ಶ್ರಮವು ವ್ಯರ್ಥವಾಗುವದು ಇಲ್ಲಿಯೇ.

೪. ತಿರಿಗಿ ಬಾರದಂತೆ ಕಾಯುವದು

ರೊಟ್ಟಿ ಬಡಿಯುವ ಕಬ್ಬಿಣದ ಹೆಂಚಾದರೆ ಕುಸುಬೆ ಎಣ್ಣೆಯನ್ನು ಬಹಳ ತೆಳ್ಳಗೆ ಸವರಿ, ಹೊಗೆಯಾಡುವ ವರೆಗೆ ಕಾಯಿಸಿ, ಆರಿಸಿ, ಹೀಗೆ ಮೂರು ನಾಲ್ಕು ಸಾರಿ ಮಾಡಿರಿ. ಈ ಎಣ್ಣೆಯು ಶಾಖದಿಂದ ಗಟ್ಟಿಯಾದ ಕರೀ ಪೊರೆಯಾಗುವದು. ಕೆಂಡವನ್ನು ಹೊರುವ ಜಾಲರಿಯಲ್ಲಿ ಆ ಪೊರೆಯು ಸುಟ್ಟುಹೋಗುವದರಿಂದ, ಉರಿಯನ್ನು ತಾಳುವ ಕರೀ ಬಣ್ಣವನ್ನಾಗಲಿ ಗ್ರಾಫೈಟಿನ ಲೇಪವನ್ನಾಗಲಿ ಅದಕ್ಕೆ ಹಚ್ಚಬೇಕು. ಅಡಿಗೆಯ ಪಾತ್ರೆಗೆ ಇವುಗಳನ್ನು ಹಚ್ಚಬಾರದು. ಬೂದಿಯು ತೇವವನ್ನು ಹಿಡಿದುಕೊಳ್ಳುವದರಿಂದ ಪ್ರತಿದಿನ ಅದನ್ನು ತೆಗೆದುಬಿಡಿರಿ. ಮಳೆಗಾಲಕ್ಕೆ ಮುಂಚೆ ಎಣ್ಣೆ ಸವರಿ, ಎರೆ ಮಣ್ಣಿನ ತಂಪು ತಾಕದಂತೆ ಕಲ್ಲಿನ ಮೇಲಾಗಲಿ ಹಲಗೆಯ ಮೇಲಾಗಲಿ ಇಡಿರಿ.

೫. ಎಚ್ಚರಿಕೆಗಳು

ಪಾಯಿಖಾನೆ ತೊಳೆಯುವ ಆಮ್ಲವನ್ನು ತುಕ್ಕಿಗೆ ಉಪಯೋಗಿಸಬೇಡಿರಿ. ಅದು ಬ್ಲೀಚಿಂಗ್ ಪುಡಿಯೊಡನೆ ಕೂಡಿದರೆ ವಿಷದ ಗಾಳಿ ಏಳುವದು. ಸೀಮೆಎಣ್ಣೆಯಿಂದ ಒರಸಿದ ಕಬ್ಬಿಣವನ್ನು ಪೂರಾ ಆರುವ ಮುಂಚೆ ಬೆಂಕಿಗೆ ತರಬೇಡಿರಿ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಗಾಯವಾದರೆ ತೊಳೆದು ಧನುರ್ವಾಯುವಿನ ಚುಚ್ಚುಮದ್ದಿನ ವಿಷಯ ವೈದ್ಯರನ್ನು ಕೇಳಿರಿ. ಆ ರೋಗವನ್ನು ತರುವದು ತುಕ್ಕಲ್ಲ, ಮಣ್ಣಿನಲ್ಲಿರುವ ಸೂಕ್ಷ್ಮ ಜೀವಿ.

ಎಲ್ಲಕ್ಕಿಂತ ಮುಖ್ಯವಾದದ್ದೇನಂದರೆ, ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟುಕೊಂಡು ಮಲಗಬೇಡಿರಿ. ಅದರಿಂದ ಹೊರಡುವ ವಿಷದ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳದೆ ಹೋಗುವದುಂಟು.

ಪ್ರಶ್ನೆಗಳು: (೧) ತುಕ್ಕು ತನ್ನ ಒಳಗಿನ ಕಬ್ಬಿಣವನ್ನು ಏಕೆ ಕಾಯಲಾರದು? (೨) ಹುಣಸೆ ಹಚ್ಚಿದ ಬಳಿಕ ಸೋಡಾ ನೀರು ಏತಕ್ಕೆ? (೩) ಹೆಂಚಿಗೆ ಹಚ್ಚುವ ಎಣ್ಣೆಯು ಕೆಂಡದ ಜಾಲರಿಗೆ ಏಕೆ ಸಾಲದು?