ಪರದೆ ಕಪ್ಪಾಯಿತು ಅಂತ ಮಾನಿಟರನ್ನು ಬೈಯುವ ಮೊದಲು

ಲ್ಯಾಬಿನ ಮೂಲೆಯಲ್ಲಿ ಹಳೇ ಸಿಆರ್‌ಟಿ ಮಾನಿಟರೊಂದು ಕೂತಿರುವುದನ್ನು ನೀವೂ ನೋಡಿರ್ತೀರಿ. ಎಫ್‌ಪಿಜಿಎ ಬೋರ್ಡಿನಿಂದ ಅದರ ಪರದೆಯನ್ನು ಪೂರ್ತಿ ಬಿಳಿ ಮಾಡೋಣ ಅಂತ ನಾವು ಹೊರಟೆವು. ಸುಲಭದ ಕೆಲಸ ಅಲ್ವಾ? ಕೆಂಪು, ಹಸಿರು, ನೀಲಿ ಮೂರಕ್ಕೂ ಸದಾ ಗರಿಷ್ಠ ಬೆಲೆ ಕೊಟ್ಟೆವು. ಪರದೆ ಮಾತ್ರ ಕಪ್ಪು! ಕೇಬಲ್ ಬದಲಿಸಿದೆವು, ಬೋರ್ಡ್ ಬದಲಿಸಿದೆವು. ಕೊನೆಗೆ ಮಾನಿಟರನ್ನು ಗುಜರಿಗೆ ಹಾಕೋಣ ಅಂತಲೇ ತೀರ್ಮಾನಿಸಿದೆವು. ತಪ್ಪು ಎಲ್ಲಿತ್ತು ಅಂತ ತಿಳಿಯಲು ವಿಜಿಎ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು.

ಮೂರೇ ತಂತಿ, ಲಕ್ಷಾಂತರ ಬಣ್ಣ

ವಿಜಿಎಯನ್ನು ಐಬಿಎಂ 1987ರಲ್ಲಿ ಪಿಎಸ್/2 ಕಂಪ್ಯೂಟರುಗಳ ಜೊತೆ ತಂದಿತು. ಅದಕ್ಕೂ ಮೊದಲಿನ ಇಜಿಎಯಲ್ಲಿ ಬಣ್ಣಕ್ಕೆ ಆರು ಡಿಜಿಟಲ್ ತಂತಿಗಳಿದ್ದವು. 2ರ ಘಾತ 6 ಅಂದರೆ 64 ಬಣ್ಣ, ಅಷ್ಟೇ. ವಿಜಿಎ ಪ್ರತಿ ಮೂಲಬಣ್ಣಕ್ಕೂ ಒಂದೊಂದು ಅನಲಾಗ್ ತಂತಿ ಕೊಟ್ಟಿತು. 0 ವೋಲ್ಟ್ ಅಂದರೆ ಕಪ್ಪು, 0.7 ವೋಲ್ಟ್ ಅಂದರೆ ಪೂರ್ಣ ಹೊಳಪು. ನಡುವೆ ಎಷ್ಟು ಮೆಟ್ಟಿಲು ಅನ್ನೋದು ಕಾರ್ಡಿನ ಡಿಎಸಿಗೆ ಬಿಟ್ಟದ್ದು. ಮೊದಲ ವಿಜಿಎಯಲ್ಲಿ ಬಣ್ಣಕ್ಕೆ 6 ಬಿಟ್, ಹಾಗಾಗಿ ಒಟ್ಟು 2,62,144 ಛಾಯೆಗಳು. 15 ಪಿನ್ನುಗಳಲ್ಲಿ 1, 2, 3 ಬಣ್ಣಕ್ಕೆ. 13 ಅಡ್ಡ ಸಿಂಕ್‌ಗೆ, 14 ಲಂಬ ಸಿಂಕ್‌ಗೆ.

640 ಯಾಕೆ 800 ಆಗುತ್ತದೆ?

640×480 ಚಿತ್ರಕ್ಕೆ ಪಿಕ್ಸೆಲ್ ಗಡಿಯಾರ 25.175 ಮೆಗಾಹರ್ಟ್ಸ್. ಆದರೆ ಒಂದು ಸಾಲಿಗೆ ಬೇಕಾದದ್ದು 640 ಅಲ್ಲ, 800 ಟಿಕ್. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಪೆನ್ ಎತ್ತಿ ಮತ್ತೆ ಎಡಕ್ಕೆ ಬರುತ್ತೇವಲ್ಲ, ಎಲೆಕ್ಟ್ರಾನ್ ಕಿರಣಕ್ಕೂ ಹಾಗೆ ಹಿಂದಿರುಗಲು ಸಮಯ ಬೇಕು. ಅದಕ್ಕೇ ಈ ಲೆಕ್ಕ:

- ಕಾಣುವ ಭಾಗ: 640
- ಫ್ರಂಟ್ ಪೋರ್ಚ್: 16
- ಸಿಂಕ್ ಪಲ್ಸ್: 96
- ಬ್ಯಾಕ್ ಪೋರ್ಚ್: 48

ಲಂಬವಾಗಿ 480 + 10 + 2 + 33 = 525 ಸಾಲು. ಈಗ ಭಾಗಿಸಿ ನೋಡಿ: 25.175 ಮೆಗಾಹರ್ಟ್ಸ್ ÷ 800 = ಸುಮಾರು 31.47 ಕಿಲೋಹರ್ಟ್ಸ್. ಅದನ್ನು 525ರಿಂದ ಭಾಗಿಸಿದರೆ 59.94 ಹರ್ಟ್ಸ್. ಬೋರ್ಡಿನ 100 ಮೆಗಾಹರ್ಟ್ಸನ್ನು 4ರಿಂದ ಭಾಗಿಸಿ 25 ಕೊಟ್ಟರೂ ಸಾಮಾನ್ಯವಾಗಿ ಮಾನಿಟರ್ ಒಪ್ಪಿಕೊಳ್ಳುತ್ತದೆ.

ನಮ್ಮ ತಪ್ಪು

ಸಿಂಕ್ ಮುಗಿದ ಮೇಲಿನ ಬ್ಯಾಕ್ ಪೋರ್ಚ್‌ನಲ್ಲಿ ಮಾನಿಟರ್ ಸುಮ್ಮನಿರುವುದಿಲ್ಲ. ಆಗ ತಂತಿಯಲ್ಲಿರುವ ವೋಲ್ಟೇಜನ್ನೇ 'ಕಪ್ಪು' ಅಂತ ಗುರುತು ಹಾಕಿಕೊಳ್ಳುತ್ತದೆ. ಇದಕ್ಕೆ ಕ್ಲ್ಯಾಂಪಿಂಗ್ ಅನ್ನುತ್ತಾರೆ. ನಾವು ಆ ಹೊತ್ತಿನಲ್ಲೂ 0.7 ವೋಲ್ಟ್ ಕೊಟ್ಟಿದ್ದೆವು. ತೂಕದ ಯಂತ್ರವನ್ನು ಸೊನ್ನೆಗೆ ತರುವಾಗ ತಟ್ಟೆಯ ಮೇಲೆ ಒಂದು ಕೆ.ಜಿ. ಕಲ್ಲಿಟ್ಟರೆ, ಆಮೇಲೆ ಒಂದು ಕೆ.ಜಿ. ಅಕ್ಕಿಯೂ ಸೊನ್ನೆಯೇ ತೂಗುತ್ತದೆ. ಹಾಗೇ ನಮ್ಮ ಬಿಳಿಯೇ ಕಪ್ಪಾಗಿತ್ತು!

ಅಡ್ಡ ಎಣಿಕೆ 640ಕ್ಕಿಂತ ಕಡಿಮೆ, ಲಂಬ ಎಣಿಕೆ 480ಕ್ಕಿಂತ ಕಡಿಮೆ ಇದ್ದಾಗ ಮಾತ್ರ ಬಣ್ಣ, ಉಳಿದಾಗ ಸೊನ್ನೆ ಅಂತ ವೆರಿಲಾಗ್‌ನಲ್ಲಿ ಒಂದೇ ಸಾಲು ಸೇರಿಸಿದೆವು. ಪರದೆ ಹಾಲಿನಂತೆ ಬೆಳಗಿತು. ವಿಜಿಎ ಇರುವ ಎಲ್‌ಸಿಡಿ, ಪ್ರೊಜೆಕ್ಟರುಗಳಿಗೂ ಇದೇ ಪಾಠ ಅನ್ವಯಿಸುತ್ತದೆ.

ಒಂದು ಎಚ್ಚರಿಕೆ: ಸಿಆರ್‌ಟಿಯ ಹಿಂಬದಿ ಮುಚ್ಚಳ ಬಿಚ್ಚಲೇಬೇಡಿ. ಒಳಗೆ ಸಾವಿರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರಬಹುದು. ಮುಂದಿನ ಸಲ ಪರದೆ ಕಪ್ಪಾದರೆ ಮೊದಲು ಆಸಿಲೋಸ್ಕೋಪ್ ಹಿಡಿದು ಬ್ಯಾಕ್ ಪೋರ್ಚ್ ನೋಡಿ. ಗುಜರಿಯ ಮಾತು ಆಮೇಲೆ.