ಸ್ಟೇರಿಂಗ್ ಭಾರವಾದರೆ ಮೊದಲು ಏನು ನೋಡಬೇಕು?

ಕುಂದಗೋಳ ಕಡೆಯಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವ ನಮ್ಮ ಚಾಚಾ ಅವರ ಹಳೆಯ ಗಾಡಿಯ ಸ್ಟೇರಿಂಗ್ ಹೋದ ಸುಗ್ಗಿಯಲ್ಲಿ ಕಲ್ಲಿನಂತೆ ಬಿಗಿಯಾಯಿತು. ಒಂದು ಗ್ಯಾರೇಜಿನಲ್ಲಿ "ಪಂಪ್ ಹೋಗೇತಿ, ಹೊಸಾದು ಹಾಕಬೇಕು" ಅಂದರು. ಮನೆಗೆ ತಂದು ನೋಡಿದರೆ ಬೆಲ್ಟ್ ಸಡಿಲಾಗಿತ್ತು, ಅಷ್ಟೆ.

ಪ್ರಥಮ ಪಿಯುಸಿಯಲ್ಲಿ ನಾವು ಓದುವ ಪಾಸ್ಕಲ್ ನಿಯಮವೇ ಇಲ್ಲಿ ಕೆಲಸ ಮಾಡುವುದು. ಎಂಜಿನ್ ಬೆಲ್ಟಿನ ಮೂಲಕ ಪಂಪನ್ನು ತಿರುಗಿಸುತ್ತದೆ. ಪಂಪ್ ತಳ್ಳಿದ ಎಣ್ಣೆ, ನಾವು ಸ್ಟೇರಿಂಗ್ ತಿರುಗಿಸಿದ ಕಡೆಗೆ ಪಿಸ್ಟನ್ನನ್ನು ಒತ್ತುತ್ತದೆ. ಲೆಕ್ಕ ಮಾಡಿ ನೋಡಿ: ಒತ್ತಡ 50 ಬಾರ್, ಅಂದರೆ 50 ಲಕ್ಷ ಪಾಸ್ಕಲ್, ಪಿಸ್ಟನ್ನಿನ ವಿಸ್ತೀರ್ಣ 10 ಚದರ ಸೆಂ.ಮೀ., ಅಂದರೆ 0.001 ಚದರ ಮೀಟರ್ ಎಂದಿಟ್ಟುಕೊಳ್ಳಿ. ಗುಣಿಸಿದರೆ 5,000 ನ್ಯೂಟನ್. ಸುಮಾರು ಐದು ಕ್ವಿಂಟಲ್ ಭಾರ ಎತ್ತುವಷ್ಟು ಬಲ! ಬೆಲ್ಟ್ ಜಾರಿದರೆ ಆ ಬಲವೆಲ್ಲ ನಮ್ಮ ರಟ್ಟೆಯಿಂದಲೇ ಬರಬೇಕು.

ಬಾನೆಟ್ ತೆಗೆಯುವ ಮೊದಲು ಮುಂದಿನ ಗಾಲಿಗಳ ಗಾಳಿ ನೋಡಿ. ಗಾಳಿ ಕಡಿಮೆಯಾದರೂ ಸ್ಟೇರಿಂಗ್ ಭಾರವಾಗುತ್ತದೆ. ಇದನ್ನು ಮರೆತು ಖರ್ಚು ಮಾಡಿಕೊಂಡವರು ಬಹಳ ಜನ. ಆಮೇಲೆ ಎಂಜಿನ್ ಬಂದ್ ಮಾಡಿ ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿ. ಸಾಮಾನ್ಯವಾಗಿ 1 ಸೆಂ.ಮೀ. ಆಸುಪಾಸು ಬಗ್ಗಿದರೆ ಸರಿ, ತೀರಾ ಜೋಲಾಡಿದರೆ ಬಿಗಿ ಮಾಡಬೇಕು. ತಿರುವಿನಲ್ಲಿ ಕೀಚ್ ಎಂದು ಕೂಗುವುದು ಸಾಮಾನ್ಯವಾಗಿ ಬೆಲ್ಟೇ.

ಗುಂಯ್ ಎಂಬ ನರಳಾಟ ಕೇಳಿದರೆ ಎಣ್ಣೆ ಡಬ್ಬಿ ನೋಡಿ. ಎಣ್ಣೆ ಗುರುತಿಗಿಂತ ಕೆಳಗಿದ್ದರೆ ಎಲ್ಲೋ ಸೋರುತ್ತಿದೆ. ನಮ್ಮ ಎರೆ ಮಣ್ಣಿನ ದಾರಿಯಲ್ಲಿ ಓಡಾಡುವ ಗಾಡಿಗಳಲ್ಲಿ ಸೋರಿಕೆ ಹುಡುಕುವುದು ಸುಲಭ: ಪೈಪಿನ ಯಾವ ಜಾಗದಲ್ಲಿ ಧೂಳು ಜಿಡ್ಡಾಗಿ ದಪ್ಪಗೆ ಅಂಟಿದೆಯೋ ಅಲ್ಲೇ. ಎಂಜಿನ್ ಓಡುತ್ತಿರುವಾಗ ಮಾತ್ರ ಕೈಯಿಂದ ಮುಟ್ಟಿ ಹುಡುಕಬೇಡಿ. ಒತ್ತಡದ ಎಣ್ಣೆ ಚರ್ಮದೊಳಗೇ ನುಗ್ಗಬಲ್ಲದು.

ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳು ಹಾಳಾಗುತ್ತವೆ, ಆಗ ನಿಜವಾಗಿಯೂ ಹೊಸ ಪಂಪ್ ಬೇಕಾದೀತು. ಎಣ್ಣೆಯಲ್ಲಿ ನೊರೆ ಕಂಡರೆ ಗಾಳಿ ಸೇರಿದೆ ಎಂದರ್ಥ. ಎಂಜಿನ್ ಬಂದ್ ಇರಲಿ, ಮುಂದಿನ ಗಾಲಿಗಳನ್ನು ಜಾಕಿನಿಂದ ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸ್ಟೇರಿಂಗನ್ನು ಎಡಬಲಕ್ಕೆ ನಿಧಾನವಾಗಿ ಹದಿನೈದಿಪ್ಪತ್ತು ಸಲ ತಿರುಗಿಸಿ. ಎಣ್ಣೆ ಇಳಿದಂತೆ ತುಂಬುತ್ತಿರಿ, ಗುಳ್ಳೆ ನಿಲ್ಲುತ್ತದೆ.

ಸ್ವಿಫ್ಟ್‌ನಂತಹ ಕಾರುಗಳಲ್ಲಿ ಈ ಎಣ್ಣೆಯೇ ಇಲ್ಲ, ವಿದ್ಯುತ್ ಮೋಟರ್ ಇರುತ್ತದೆ. ಅಲ್ಲಿ ಬ್ಯಾಟರಿ, ಫ್ಯೂಸ್ ನೋಡುವುದಷ್ಟೇ ನಮ್ಮ ಕೆಲಸ. ಸ್ಟೇರಿಂಗ್ ದೀಪ ಆರದಿದ್ದರೆ ತಿಳಿದ ಮೆಕ್ಯಾನಿಕ್ ಹತ್ತಿರವೇ ಒಯ್ಯಬೇಕು.