ಏರ್‌ಬ್ಯಾಗ್ ಕಾರಿನವರಿಗೆ ಬಜಗೋಳಿಯಿಂದ ನಾಲ್ಕು ಕಿವಿಮಾತು

ಬಜಗೋಳಿ ಪೇಟೆಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಎಲ್ಲ ಊರಿನ ಕಾರುಗಳೂ ಕಣ್ಣಿಗೆ ಬೀಳುತ್ತವೆ. ಕಾರ್ಕಳದಿಂದ ಬಂದ ದಾರಿ ಇಲ್ಲಿ ಕವಲಾಗಿ ಒಂದು ನಾರಾವಿ, ಗುರುವಾಯನಕೆರೆ ಮೇಲಾಗಿ ಧರ್ಮಸ್ಥಳದ ಕಡೆಗೆ, ಇನ್ನೊಂದು ಮಾಳ, ಎಸ್.ಕೆ. ಬಾರ್ಡರ್ ಮೇಲಾಗಿ ಶೃಂಗೇರಿಗೆ ಹೋಗುತ್ತದೆ. ಈ ದಾರಿಗಳಲ್ಲಿ ಬಾಡಿಗೆ ಕಾರು ಓಡಿಸಿಯೇ ಸಂಸಾರ ಸಾಗಿಸಿದವನು ನಾನು. ನಮ್ಮ ಅಂಬಾಸಿಡರ್ ಕಾಲದಲ್ಲಿ ಮುಂದಿನ ಸೀಟಿನಲ್ಲೇ ಮೂವರು ಕೂರುತ್ತಿದ್ದರು, ಬೆಲ್ಟಿನ ಸುದ್ದಿಯೇ ಇರಲಿಲ್ಲ. ಈಗ ಹಾಗಲ್ಲ. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಎದುರು ಏರ್‌ಬ್ಯಾಗ್ ಕಡ್ಡಾಯ. 2021 ಮುಗಿಯುವಷ್ಟರಲ್ಲಿ ಪಕ್ಕದ ಸೀಟಿಗೂ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಶೋರೂಮಿನಲ್ಲಿ ಹಾರ ಹಾಕಿ, ಫೋಟೊ ತೆಗೆದು ಕೀ ಕೊಡುವಾಗ ಆ ಚೀಲ ಹೇಗೆ ಹೊರಗೆ ಬರುತ್ತದೆ, ಬಂದರೆ ಮೈಗೆ ಏನಾಗುತ್ತದೆ ಎಂದು ಹೇಳುವವರನ್ನು ನಾನು ನೋಡಿಲ್ಲ. ರಜೆಗೆ ಊರಿಗೆ ಬರುವ ಮಕ್ಕಳಿಗೆ, ಅಳಿಯಂದಿರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

• ಮೊದಲಿಗೆ, ಅದು ಮೆತ್ತನೆಯ ದಿಂಬು ಎಂಬ ಭ್ರಮೆ ಬಿಡಿ. ಡಿಕ್ಕಿಯ ಸೂಚನೆ ಸಿಕ್ಕಿದ ಕೂಡಲೇ ಒಳಗಿನ ರಾಸಾಯನಿಕ ಉರಿದು ಅನಿಲವಾಗುತ್ತದೆ. ಮುಚ್ಚಳ ಹರಿದು ಚೀಲ ಗಂಟೆಗೆ 200–300 ಕಿ.ಮೀ. ವೇಗದಲ್ಲಿ ನುಗ್ಗುತ್ತದೆ. ಪೂರ್ತಿ ಉಬ್ಬಲು ಅದಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಸೆಕೆಂಡಿನ ಮೂವತ್ತನೇ ಒಂದು ಪಾಲು, ರೆಪ್ಪೆ ಬಡಿಯುವಷ್ಟು ಹೊತ್ತೂ ಇಲ್ಲ. ಉಬ್ಬಿದ ಮೇಲೆ ಅದು ನಿಮ್ಮನ್ನು ಹಿಡಿದುಕೊಳ್ಳುತ್ತದೆ. ಉಬ್ಬುತ್ತಿರುವಾಗ ಎದುರು ಸಿಕ್ಕಿದ್ದನ್ನು ಹೊಡೆಯುತ್ತದೆ. ಮುಂದೆ ಹೇಳುವ ಬಹುಪಾಲು ಮಾತು ಹುಟ್ಟಿದ್ದು ಇದರಿಂದಲೇ.

• ಹಾಗೆಂದು ಏರ್‌ಬ್ಯಾಗ್ ಕೀಳಿಸಲು ಗ್ಯಾರೇಜಿಗೆ ಹೋಗಬೇಡಿ. ಅಮೆರಿಕದ ಸರಕಾರಿ ಲೆಕ್ಕದ ಪ್ರಕಾರ 1987ರಿಂದ 2017ರವರೆಗೆ ಅಲ್ಲಿ ಮುಂಭಾಗದ ಏರ್‌ಬ್ಯಾಗುಗಳಿಂದ 50 ಸಾವಿರಕ್ಕೂ ಹೆಚ್ಚು ಜೀವ ಉಳಿದಿದೆ. ಅದೇ ದೇಶದಲ್ಲಿ 1990ರಿಂದ 2008ರವರೆಗೆ ಕಡಿಮೆ ವೇಗದ ಅಪಘಾತಗಳಲ್ಲಿ ಚೀಲದ ಹೊಡೆತಕ್ಕೇ ಸತ್ತವರು 290ಕ್ಕಿಂತ ಹೆಚ್ಚು. ಅವರಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ ಜನ ಬೆಲ್ಟನ್ನು ಹಾಕಿಯೇ ಇರಲಿಲ್ಲ, ಇಲ್ಲವೇ ಸರಿಯಾಗಿ ಹಾಕಿರಲಿಲ್ಲ.

• ಆದ್ದರಿಂದ ಬೆಲ್ಟ್ ಮೊದಲು, ಚೀಲ ಆಮೇಲೆ. ಬ್ರೇಕ್ ಹಾಕಿದಾಗ ಬೆಲ್ಟಿಲ್ಲದವನ ಮೈ ಮುಂದಕ್ಕೆ ಜಾರಿ ಆಗಲೇ ಸ್ಟಿಯರಿಂಗಿನ ಹತ್ತಿರ ಬಂದಿರುತ್ತದೆ. ಅಲ್ಲಿ ಚೀಲ ಸ್ಫೋಟಿಸಿದರೆ ಏಟು ನೇರ ಎದೆಗೆ, ಕುತ್ತಿಗೆಗೆ. ಬೀಪ್ ಸದ್ದು ನಿಲ್ಲಿಸಲು ಬೆಲ್ಟಿನ ಜಾಗಕ್ಕೆ ಸಿಕ್ಕಿಸುವ ಸುಳ್ಳು ಕ್ಲಿಪ್ ಉಂಟಲ್ಲ, 2023ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ಅದನ್ನು ತೆಗೆಸಿತು. ಮನೆಯ ಕಾರಿನಲ್ಲಿ ಇನ್ನೂ ಇದ್ದರೆ ಕಿತ್ತು ಎಸೆಯಿರಿ.

• ಸ್ಟಿಯರಿಂಗಿನ ನಡುವಿನಿಂದ ನಿಮ್ಮ ಎದೆಮೂಳೆಗೆ ಕಡಿಮೆಯೆಂದರೆ 25 ಸೆಂ.ಮೀ. ದೂರ ಇರಲಿ: ಒಂದು ಗೇಣು, ಮೇಲೆ ಎರಡು ಬೆರಳು. ಕುಳ್ಳಗಿರುವವರು ಪೆಡಲ್ ಸಿಗಲೆಂದು ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಅಂಥವರು ಸೀಟನ್ನು ಎತ್ತರಿಸಿ, ಬೆನ್ನಿನ ಭಾಗವನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದರೆ ಅರ್ಧ ತೊಂದರೆ ಕಳೆಯಿತು. ಸ್ಟಿಯರಿಂಗಿನ ಮುಖ ನಿಮ್ಮ ಎದೆಯ ಕಡೆಗಿರಲಿ, ಗಲ್ಲದ ಕಡೆಗಲ್ಲ.

• ಕೈ ಇಡುವ ಜಾಗ ಗಡಿಯಾರದ ಒಂಬತ್ತು ಮತ್ತು ಮೂರು. ನಮ್ಮ ಘಾಟಿಯ ಚಾಲಕರಿಗೆ ಒಂದು ಚಾಳಿ ಉಂಟು. ಮಾಳದ ತಿರುವುಗಳಲ್ಲಿ ಹಾರ್ನ್ ಬೇಕೇ ಬೇಕಲ್ಲ, ಅಂಗೈಯನ್ನು ಹಾರ್ನಿನ ಮೇಲೆ ಊರಿಯೇ ಓಡಿಸುತ್ತಾರೆ. ಆ ಹಾರ್ನಿನ ಕೆಳಗೇ ಚೀಲ ಮಡಚಿಟ್ಟಿರುವುದು. ಚೀಲ ಹೊರಟಾಗ ಕೈ ಅಲ್ಲಿದ್ದರೆ ಹೆಬ್ಬೆರಳು, ಮಣಿಕಟ್ಟು, ಮೊಣಕೈಯಿಂದ ಕೆಳಗಿನ ಮೂಳೆ ಮುರಿಯುತ್ತದೆ, ಅಥವಾ ಆ ಕೈಯೇ ಹಾರಿ ಮುಖಕ್ಕೆ ಬಡಿಯುತ್ತದೆ. ಒತ್ತಿ, ತೆಗೆಯಿರಿ. ತಿರುಗಿಸುವಾಗ ಸ್ಟಿಯರಿಂಗಿನ ಒಳಗಡೆಯಿಂದ ಕೈ ಹಾಕಿ ಎಳೆಯುವ ಶೈಲಿಯನ್ನೂ ಬಿಡಿ.

• ಪಕ್ಕದ ಸೀಟಿನ ಎದುರು ಡ್ಯಾಶ್‌ಬೋರ್ಡಿನ ಮೇಲೆ ‘ಎಸ್ಆರ್‌ಎಸ್ ಏರ್‌ಬ್ಯಾಗ್’ ಎಂಬ ಸಣ್ಣ ಅಕ್ಷರ ಇರುತ್ತದೆ. ಅದರ ಮೇಲೆ ಏನೂ ಇಡಬಾರದು ಎಂದರೆ ಏನೂ ಇಡಬಾರದು. ಗಾಜಿನ ಸೆಂಟ್ ಬಾಟಲಿ, ಮೊಬೈಲ್ ಸ್ಟ್ಯಾಂಡ್, ದೇವಸ್ಥಾನದಿಂದ ತಂದ ತೆಂಗಿನಕಾಯಿ, ಅಂಟು ಹಾಕಿ ಕೂರಿಸಿದ ಗಣಪತಿ, ಕೊರಗಜ್ಜ, ಮಂಜುನಾಥ ಸ್ವಾಮಿಯ ಪಟ, ಎಲ್ಲವೂ ಆ ಕ್ಷಣ ಕೂತವರ ಮುಖಕ್ಕೇ ಬರುತ್ತವೆ. ದೇವರಿಗೆ ಬೇರೆ ಜಾಗ ಕೊಡಿ: ಚಪ್ಪಟೆ ಸ್ಟಿಕ್ಕರಾದರೆ ಗ್ಲೋವ್ ಬಾಕ್ಸಿನ ಒಳಬದಿ. ದೈವ ಮುನಿಯುವುದಿಲ್ಲ. ಮಡಿಲಲ್ಲಿ ಸ್ಟೀಲ್ ಡಬ್ಬ, ಹಣ್ಣಿನ ಬುಟ್ಟಿ ಇಟ್ಟುಕೊಂಡು ಮುಂದೆ ಕೂರುವುದೂ ಅಷ್ಟೇ ಕೆಟ್ಟದ್ದು, ಕಾರಿನ ಹಿಂದಿನ ಡಿಕ್ಕಿಯಲ್ಲಿಡಿ.

• ಕುದುರೆಮುಖ ನೋಡಲು ಹೋಗುವ ಹುಡುಗರು ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಿ ರೀಲ್ಸ್ ಮಾಡುವುದನ್ನು ಈ ರಸ್ತೆಯಲ್ಲಿ ಎಷ್ಟೋ ನೋಡಿದ್ದೇನೆ. ಚೀಲ ಸಿಡಿದರೆ ಆ ಮೊಣಕಾಲು ಸೀದಾ ಮುಖಕ್ಕೆ. ತೊಡೆಮೂಳೆ, ಸೊಂಟದ ಕೀಲು ಮುರಿಯುತ್ತವೆ. ಹೆಚ್ಚು ಹೇಳುವುದಿಲ್ಲ. ಕಾಲು ಕೆಳಗೆ.

• ಮಕ್ಕಳ ವಿಷಯಕ್ಕೆ ಬಂದರೆ ನನಗೆ ದಾಕ್ಷಿಣ್ಯ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಮಗು ಏರ್‌ಬ್ಯಾಗಿನ ಹೊಡೆತಕ್ಕೆ ತೀರಿಕೊಂಡಿತು. ಅದೇ ವರ್ಷ ಡಿಸೆಂಬರಿನಲ್ಲಿ ನವಿ ಮುಂಬೈಯ ವಾಶಿಯಲ್ಲಿ ಆರು ವರ್ಷದ ಹುಡುಗ. ದೊಡ್ಡವರ ಎದೆಗೆ ಬಡಿಯುವ ಚೀಲ ಮಕ್ಕಳ ಮುಖ, ಕತ್ತಿಗೆ ಬಡಿಯುತ್ತದೆ. ಮಡಿಲ ಮಗುವಾದರೆ ತಾಯಿಗೂ ಚೀಲಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ. ‘ಇಲ್ಲೇ ಕಾರ್ಕಳಕ್ಕಲ್ವಾ’ ಎನ್ನುವ ಅಜ್ಜಿಯಂದಿರ ಮಾತಿಗೆ ಕರಗಬೇಡಿ. ಹದಿಮೂರು ವರ್ಷ ತುಂಬುವವರೆಗೆ ಹಿಂದಿನ ಸೀಟು, ಬೆಲ್ಟ್ ಅಥವಾ ಮಕ್ಕಳ ಸೀಟು. ಹಿಂದಕ್ಕೆ ಮುಖ ಮಾಡಿ ಕೂರಿಸುವ ಶಿಶು ಸೀಟನ್ನು ಏರ್‌ಬ್ಯಾಗಿನ ಎದುರು ಇಡಲೇಬಾರದು. ಬಿಸಿಲು ಮರೆಮಾಡಲು ಕೆಳಗಿಳಿಸುವ ಹಲಗೆಯ ಮೇಲೆ ಹಳದಿ ಪಟ್ಟಿಯಲ್ಲಿ ಇದನ್ನು ಚಿತ್ರ ಸಮೇತ ಮುದ್ರಿಸಿರುತ್ತಾರೆ. ನೋಡಲು ಚಂದವಿಲ್ಲವೆಂದು ಅದನ್ನು ಕೆರೆದು ತೆಗೆದವರೂ ಇದ್ದಾರೆ!

• ಬಸುರಿ ಹೆಂಗಸರು ಸಾಧ್ಯವಾದರೆ ಹಿಂದೆ ಕೂರಲಿ. ಮುಂದೆಯೇ ಆದರೆ ಸೀಟು ಪೂರ್ತಿ ಹಿಂದಕ್ಕೆ, ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ ಸೊಂಟದ ಮೇಲೆ, ಮೇಲ್ಪಟ್ಟಿ ಎದೆಯ ನಡುವೆ. ಎಪ್ಪತ್ತು ದಾಟಿದ, ಮೂಳೆ ಸವೆದ ನಮ್ಮಂಥವರೂ ಸೀಟನ್ನು ಹಿಂದಕ್ಕೆ ಸರಿಸಿಯೇ ಕೂರುವುದು ಕ್ಷೇಮ.

• ಮುಂದೆ ಉಕ್ಕಿನ ಬುಲ್‌ಬಾರ್ ಕಟ್ಟಿಸಬೇಡಿ. ಡಿಕ್ಕಿಯ ಪೆಟ್ಟು ಸೆನ್ಸರಿಗೆ ತಲುಪುವ ಲೆಕ್ಕಾಚಾರವನ್ನೇ ಅದು ಕೆಡಿಸುತ್ತದೆ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ವಿರುದ್ಧ ರಾಜ್ಯಗಳಿಗೆ ಬರೆದಿದೆ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಪೇಟೆಯ ದಪ್ಪ ಸೀಟ್ ಕವರ್ ಹಾಕಿಸಿದರೆ ಚೀಲ ಹೊರಬರುವ ಹೊಲಿಗೆಯೇ ಮುಚ್ಚಿಹೋಗುತ್ತದೆ.

• ನಮ್ಮ ರಸ್ತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2020ರ ಫೆಬ್ರವರಿಯಲ್ಲಿ ಮಾಳದ ಬಳಿ ಮುಳ್ಳೂರಿನಲ್ಲಿ ಮೈಸೂರಿನ ಪ್ರವಾಸಿ ಬಸ್ಸು ಬಂಡೆಗೆ ಬಡಿದು ಒಂಬತ್ತು ಮಂದಿ ಹೋದರು. ಸಂಜೆಯ ಮೇಲೆ ಕಾಡುಕೋಣ ದಾರಿಗೆ ಅಡ್ಡ ಬರುವುದುಂಟು. ಅಷ್ಟು ತೂಕದ ಪ್ರಾಣಿಗೆ ವೇಗದಲ್ಲಿ ಬಡಿದರೆ ಗೋಡೆಗೆ ಬಡಿದ ಹಾಗೆಯೇ, ಚೀಲ ಬರಬಹುದು. ದೊಡ್ಡ ಹೊಂಡಕ್ಕೆ ಕಾರಿನ ಅಡಿಭಾಗ ಜೋರಾಗಿ ಅಪ್ಪಳಿಸಿದರೂ ಬರಬಹುದೆಂದು ಕಾರಿನ ಕೈಪಿಡಿಯಲ್ಲೇ ಬರೆದಿರುತ್ತಾರೆ.

• ಹಳೆಯ ಕಾರು ಕೊಳ್ಳುವವರು ಕೀ ತಿರುಗಿಸಿ ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ನೋಡಿ. ಉರಿದು ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ, ಉರಿಯದೇ ಇದ್ದರೆ ಇನ್ನೂ ಅನುಮಾನ, ಒಮ್ಮೆ ಒಡೆದ ಚೀಲವನ್ನು ಹೊಸದು ಹಾಕದೆ ಮುಚ್ಚಳ ಮಾತ್ರ ಮುಚ್ಚಿರಬಹುದು. ಇನ್ನೊಂದು ಮಾತು ನಮ್ಮ ಕರಾವಳಿಗೆ ಮುಖ್ಯ. ಜಪಾನಿನ ಟಕಾಟಾ ಕಂಪನಿಯ, ಚೀಲ ಉಬ್ಬಿಸುವ ಹಳೆಯ ಇನ್‌ಫ್ಲೇಟರುಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ, ತೇವ ಕುಡಿದು ಹಾಳಾಗಿ, ಸಿಡಿಯುವಾಗ ಲೋಹದ ಚೂರುಗಳನ್ನು ಎಸೆಯುತ್ತಿತ್ತು. ಜಗತ್ತಿನಲ್ಲೇ ದೊಡ್ಡ ರೀಕಾಲ್ ಅದು. ಕಂಪನಿ 2017ರಲ್ಲಿ ದಿವಾಳಿಯಾಯಿತು. ಭಾರತದಲ್ಲೂ ಹೋಂಡಾದ ಹಳೆಯ ಸಿಟಿ, ಜಾಝ್, ಸಿವಿಕ್ ಮುಂತಾದ ಕಾರುಗಳನ್ನು ಕರೆದು ಉಚಿತವಾಗಿ ಬದಲಿಸಿದರು. ಹತ್ತು ಹದಿನೈದು ವರ್ಷದ ಕಾರಾದರೆ ಚಾಸಿ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ಸ್ಟೇಷನಿನಲ್ಲಿ ಕೇಳಿ.

• ಚೀಲ ಸಿಡಿದ ಮೇಲೆ ಕಾರಿನೊಳಗೆ ಹೊಗೆಯಂತೆ ಬಿಳಿ ಪುಡಿ, ಮದ್ದು ಸುಟ್ಟ ವಾಸನೆ. ಹೆಚ್ಚಾಗಿ ಅದು ಬೆಂಕಿಯಲ್ಲ, ಚೀಲದ ಟಾಲ್ಕ್ ಅಥವಾ ಜೋಳದ ಪಿಷ್ಟ, ಜತೆಗೆ ಉರಿದ ರಾಸಾಯನಿಕದ ಧೂಳು. ಏಳಲು ಆಗುವವರು ಇಂಜಿನ್ ಆರಿಸಿ ಹೊರಗೆ ಬನ್ನಿ. ಉಬ್ಬಸ ಇರುವವರು ಮೊದಲು. ಆ ಧೂಳಿನಲ್ಲಿ ಕ್ಷಾರ ಇರುವುದರಿಂದ ಕಣ್ಣನ್ನು ಬೈರಾಸಿನಿಂದಾಗಲಿ ಸೆರಗಿನಿಂದಾಗಲಿ ಉಜ್ಜಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದು, ಶುದ್ಧ ನೀರನ್ನು ಹದಿನೈದು ನಿಮಿಷ ಬಿಡದೆ ಹಾಯಿಸಿ. ಆಮೇಲೂ ಉರಿ ಉಳಿದರೆ ಅದೇ ದಿನ ಕಣ್ಣಿನ ಡಾಕ್ಟರು.

• ಇನ್ನು ಕಿವಿ. ಅಪಘಾತವಾದವನ ಕೈಕಾಲು ನೋಡುತ್ತಾರೆ, ಮಂಡೆ ಸ್ಕ್ಯಾನ್ ಮಾಡುತ್ತಾರೆ, ಕಿವಿಯನ್ನು ಕೇಳುವವರಿಲ್ಲ. ನಮ್ಮ ಮಾಮೂಲಿ ಮಾತು 60 ಡೆಸಿಬೆಲ್ ಆಸುಪಾಸು. 120 ದಾಟಿದರೆ ಕಿವಿ ನೋಯುತ್ತದೆ. ಏರ್‌ಬ್ಯಾಗ್ ಸಿಡಿಯುವ ಸದ್ದಿನ ತುದಿ 160ರಿಂದ 170. ಜೋರು ಸದ್ದಿಗೆ ಬಿಗಿಯುವ ಸಣ್ಣ ಸ್ನಾಯುವೊಂದು ಕಿವಿಯೊಳಗೆ ಉಂಟು, ಆದರೆ ಅದು ಬಿಗಿಯುವಷ್ಟರಲ್ಲಿ ಸದ್ದು ಬಂದು ಹೋಗಿರುತ್ತದೆ. ಮರ್ಸಿಡಿಸ್ ಕಂಪನಿ ಇದನ್ನು ಮನಗಂಡು 2016ರ ಇ-ಕ್ಲಾಸ್ ಕಾರಿನಲ್ಲಿ, ಡಿಕ್ಕಿ ಖಚಿತವೆಂದು ಕಂಡ ಕ್ಷಣ ಸ್ಪೀಕರಿನಿಂದ ಒಂದು ಬಗೆಯ ಸುಯ್ಯೆನ್ನುವ ಸದ್ದು ಬಿಟ್ಟು ಆ ಸ್ನಾಯುವನ್ನು ಮುಂಚಿತವಾಗಿ ಎಬ್ಬಿಸುವ ಏರ್ಪಾಡು ತಂದಿತು. ನಮ್ಮ ನಿಮ್ಮ ಕಾರಿನಲ್ಲಿ ಅದೆಲ್ಲಿ ಬಂತು? ಬಾಗಿಲ ಮೇಲಿಂದ ಇಳಿಯುವ ಪರದೆ ಏರ್‌ಬ್ಯಾಗ್ ಇರುವ ಕಾರಾದರೆ ಸದ್ದು ಕಿವಿಯ ಪಕ್ಕದಲ್ಲೇ.

• ಸಿಡಿದ ಮೇಲೆ ಕಿವಿ ಮುಚ್ಚಿದಂತಾಗುವುದು, ಒಳಗೆ ಗುಂಯ್‌ಗುಟ್ಟುವುದು, ತಲೆ ತಿರುಗುವುದು ಸಾಮಾನ್ಯ. ಎಷ್ಟೋ ಜನರಿಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ಕಾಯಬೇಡಿ. ಒಳಗಿವಿಗೆ ಪೆಟ್ಟಾಗಿದ್ದರೆ ಡಾಕ್ಟರು ಕೊಡುವ ಸ್ಟಿರಾಯ್ಡ್ ಮದ್ದಿಗೆ ಫಲ ಇರುವುದು ಮೊದಲ ಕೆಲವು ದಿನಗಳಲ್ಲೇ. ತಿಂಗಳು ಕಳೆದು ಹೋದರೆ ಅವರೂ ಕೈಚೆಲ್ಲುತ್ತಾರೆ. ಕಿವಿಯಿಂದ ರಕ್ತ ಅಥವಾ ನೀರಿನಂಥದ್ದು ಸೋರಿದರೆ ತಲೆಬುರುಡೆಗೂ ಪೆಟ್ಟಾಗಿರಬಹುದು, ಆ ಕ್ಷಣವೇ ಆಸ್ಪತ್ರೆ.

• ನಮ್ಮ ಕಾಡಂಚಿನ ಮನೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಕಿವಿಯೊಳಗಿನ ಆ ಸದ್ದು ಥೇಟ್ ಜೀರುಂಡೆಯದ್ದೇ, ಹಾಗಾಗಿ ವಾರಗಟ್ಟಲೆ ‘ಹೊರಗೆ ಜೀರುಂಡೆ ಕೂಗುತ್ತದೆ’ ಎಂದುಕೊಂಡು ಇದ್ದುಬಿಡುತ್ತಾರೆ. ರಾತ್ರಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತು ನೋಡಿ, ಆಗಲೂ ಅಷ್ಟೇ ಕೇಳಿದರೆ ಅದು ಹೊರಗಿನದ್ದಲ್ಲ. ಮೊಬೈಲನ್ನು ಒಮ್ಮೆ ಎಡಗಿವಿಗೆ, ಒಮ್ಮೆ ಬಲಗಿವಿಗೆ ಹಿಡಿದು ಒಬ್ಬರದೇ ಮಾತು ಕೇಳಿ. ಒಂದು ಕಡೆ ಸದ್ದು ಕೇಳಿದರೂ ‘ಸ’, ‘ಶ’, ‘ಚ’ ಸ್ಪಷ್ಟವಿಲ್ಲ ಎಂದಾದರೆ ಶ್ರವಣ ಪರೀಕ್ಷೆ ಮಾಡಿಸಿ. ಪೆಟ್ಟು ಮೊದಲು ಕಾಣುವುದು 4000 ಹರ್ಟ್ಸ್ ಆಸುಪಾಸಿನ ತೀಕ್ಷ್ಣ ಸ್ವರಗಳಲ್ಲಿ, ಗ್ರಾಫಿನಲ್ಲಿ ಅಲ್ಲೊಂದು ಗುಂಡಿ ಬೀಳುತ್ತದೆ. ದೂರವೇನಿಲ್ಲ, ಮಣಿಪಾಲದ ಕೆ.ಎಂ.ಸಿ.ಯಲ್ಲಿ ಈ ಪರೀಕ್ಷೆ ಉಂಟು.

• ಕಿವಿಗೆ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಡುವ ಮದ್ದು ಇಲ್ಲಿ ಬೇಡ, ಅಮ್ಮಂದಿರೇ. ಕಿವಿಯ ತಮಟೆ ಹರಿದಿದ್ದರೆ ಎಣ್ಣೆ ಒಳಗಿಳಿದು ಕೀವಾಗುತ್ತದೆ. ಸಣ್ಣ ತೂತು ಹೆಚ್ಚಾಗಿ ಕೆಲವು ವಾರದಲ್ಲಿ ತಾನೇ ಕೂಡಿಕೊಳ್ಳುತ್ತದೆ, ಒಣಗಿರಬೇಕಷ್ಟೇ. ಮೀಯುವಾಗ ವ್ಯಾಸಲೀನ್ ಸವರಿದ ಹತ್ತಿ ಇಡಿ. ಹೊಳೆಯಲ್ಲಿ ಮುಳುಗು ಹಾಕುವುದು ಆಮೇಲಾಯಿತು.

• ನೆರವಿಗೆ ಓಡುವ ರಿಕ್ಷಾದವರಿಗೆ, ಅಂಗಡಿಯವರಿಗೆ: ಕಾರಿನಲ್ಲಿದ್ದವರು ಉತ್ತರ ಕೊಡಲಿಲ್ಲ ಎಂದ ಮಾತ್ರಕ್ಕೆ ಪ್ರಜ್ಞೆ ಇಲ್ಲ ಎಂದಲ್ಲ, ನಿಮ್ಮ ಬೊಬ್ಬೆ ಅವರಿಗೆ ಕೇಳಿಸದೇ ಇರಬಹುದು. ಎದುರು ಬಂದು ಮುಖ ತೋರಿಸಿ, ಕೈ ಸನ್ನೆ ಮಾಡಿ. ಸಿಡಿಯದೆ ಉಳಿದ ಚೀಲ ಇದ್ದರೆ ಅದಕ್ಕೂ ಗಾಯಾಳುವಿಗೂ ನಡುವೆ ತಲೆ ತೂರಿಸಬೇಡಿ. ಬ್ಯಾಟರಿ ತಂತಿ ಬಿಚ್ಚಿದ ಮೇಲೂ ಕೆಲವು ನಿಮಿಷ ಅದರಲ್ಲಿ ಜೀವ ಇರುತ್ತದೆ.

• ಕೊನೆಗೆ ಕಾಗದಪತ್ರ. ವಿಮೆಯ ಲೆಕ್ಕದಲ್ಲಿ ಏರ್‌ಬ್ಯಾಗನ್ನು ಟಯರು, ಬ್ಯಾಟರಿಯ ಸಾಲಿಗೆ ಸೇರಿಸಿ ಶೇ. 50 ಸವಕಳಿ ಕಡಿಯುತ್ತಾರೆ. ಸವಕಳಿ ಕಡಿಯದ ‘ಝೀರೋ ಡೆಪ್’ ವಿಮೆ ಇಲ್ಲದವರ ಕೈಯಿಂದ ಅರ್ಧ ದುಡ್ಡು ಹೋಗುತ್ತದೆ. ಆ ದುಡ್ಡು ಉಳಿಸಲು ಚೀಲವಿಲ್ಲದ ಕಾರನ್ನು ಮತ್ತೆ ರಸ್ತೆಗಿಳಿಸಬೇಡಿ. ಮೋಟಾರು ಅಪಘಾತ ಪರಿಹಾರಕ್ಕೆ ಹೋಗುವವರ ವೂಂಡ್ ಸರ್ಟಿಫಿಕೇಟಿನಲ್ಲಿ ಮುರಿದ ಕೈ ಇರುತ್ತದೆ, ಕಿವಿ ಇರುವುದಿಲ್ಲ; ಆರು ತಿಂಗಳ ಬಳಿಕ ‘ಕೇಳಿಸುವುದಿಲ್ಲ’ ಎಂದರೆ ನಂಬಿಸುವುದು ಕಷ್ಟ. ಆದ್ದರಿಂದ ಆಸ್ಪತ್ರೆಯಲ್ಲಿ ಮೊದಲ ದಿನವೇ, ಯಾವ ಕಿವಿ, ಏನು ತೊಂದರೆ ಎಂದು ಬಾಯಿಬಿಟ್ಟು ಹೇಳಿ. ಅವರು ಅದನ್ನು ಬರೆದರೋ ಇಲ್ಲವೋ ಎಂದು ಓದಿ ನೋಡಿಯೇ ಅಲ್ಲಿಂದ ಹೊರಡಿ.